ಬೇಡ ಅಂದವರಿಗೆ ಏನಾಗುತ್ತದೆ? ಪ್ರಗತಿಯ ಒತ್ತಾಯ ಮತ್ತು ಒಬ್ಬರ ಸ್ವಾತಂತ್ರ್ಯ

ಪ್ರಶ್ನೆ: ನಾನೂ ನನ್ನ ತಮ್ಮನೂ ತುಂಬಾ ದಿನದಿಂದ ಒಂದೇ ವಿಷಯಕ್ಕೆ ಜಗಳ ಆಡುತ್ತಿದ್ದೇವೆ. ಸಮಾಜ ಮುಂದೆ ಹೋಗಬೇಕಾದರೆ ಸ್ವಲ್ಪ ಒತ್ತಾಯ ಬೇಕೇ ಬೇಕು ಅಂತ ಅವನ ವಾದ. ಲಸಿಕೆ, ಸೀಟ್ ಬೆಲ್ಟ್, ಮಕ್ಕಳ ಶಾಲೆ, ಇವೆಲ್ಲ ಒಬ್ಬೊಬ್ಬರನ್ನೂ ಕೇಳಿ ಒಪ್ಪಿಸಿ ಬಂದದ್ದಲ್ಲ ಅನ್ನುತ್ತಾನೆ. ನನಗೆ ಯಾವುದು ಒಳ್ಳೆಯದು ಅಂತ ತೀರ್ಮಾನ ಮಾಡೋಕೆ ಬೇರೆಯವರು ಯಾರು ಅಂತ ನನ್ನ ವಾದ. ಪ್ರಗತಿಯ ಹೆಸರಿನಲ್ಲಿ ಎಲ್ಲಿಯವರೆಗೆ ಒತ್ತಾಯ ಮಾಡಬಹುದು? ಸ್ವಾತಂತ್ರ್ಯ ಅನ್ನುವುದು ಕೆಲವು ಸಲ ಬರೀ ಸ್ವಾರ್ಥ ಆಗುವುದಿಲ್ಲವೇ? ಇನ್ನೊಂದು, ಹಳೆಯ ಕಟ್ಟುಪಾಡಿನೊಳಗೇ ಇದ್ದು "ನಮಗೆ ಹೀಗೇ ಇಷ್ಟ" ಅನ್ನುವವರನ್ನು ಏನು ಮಾಡಬೇಕು?

ಉತ್ತರ:

ನಿಮ್ಮ ತಮ್ಮನ ಮಾತಿನಲ್ಲಿ ಹುರುಳಿದೆ. ಸುಧಾರಣೆ ಅಂತ ಇವತ್ತು ನಾವು ಮೆಚ್ಚುವ ಎಷ್ಟೋ ಕಾನೂನುಗಳು ಯಾರಿಗೋ ಬೇಡವಾಗಿದ್ದವು. ಬಟ್ಟೆ ಗಿರಣಿಗಳಲ್ಲಿ ಒಂಬತ್ತು ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದು ಅಂತ ಬ್ರಿಟನ್ 1833ರಲ್ಲಿ ಕಾನೂನು ತಂದಾಗ ಗಿರಣಿ ಮಾಲೀಕರು ಚಪ್ಪಾಳೆ ತಟ್ಟಲಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1970ರಲ್ಲಿ ಸೀಟ್ ಬೆಲ್ಟ್ ಕಡ್ಡಾಯ ಮಾಡಿದ್ದು ಚಾಲಕರು ಸಾಲುಗಟ್ಟಿ ನಿಂತು ಕೇಳಿದರು ಅಂತ ಅಲ್ಲ.

ನಿಮ್ಮ ಮಾತೂ ಸರಿಯೇ. ಆದರೆ ಇಬ್ಬರೂ ಸರಿ ಅಂತ ಹೇಳಿ ಜಾರಿಕೊಳ್ಳೋಕೆ ನನಗೆ ಮನಸ್ಸಿಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗುರಿ ಎಷ್ಟು ಒಳ್ಳೆಯದು ಅಂತ ನೋಡಿ ಗೆರೆ ಎಳೆಯಲು ಹೋದರೆ ಗೆರೆ ಸಿಗುವುದೇ ಇಲ್ಲ. ಎಲ್ಲರ ಗುರಿಯೂ ಅವರವರ ಬಾಯಲ್ಲಿ ಒಳ್ಳೆಯದೇ ಆಗಿರುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ಬೇಡ ಅಂದವರಿಗೆ ಏನಾಗುತ್ತದೆ?

ಇದನ್ನು ತೋರಿಸೋಕೆ ಅಮೆರಿಕದ ಎರಡು ತೀರ್ಪುಗಳನ್ನು ಪಕ್ಕಪಕ್ಕದಲ್ಲಿ ಇಡಬೇಕು. ಎರಡರ ನಡುವೆ 22 ವರ್ಷ.

ಮೊದಲನೆಯದು 1905ರದ್ದು. ಮಸಾಚುಸೆಟ್ಸ್ ರಾಜ್ಯದ ಕೇಂಬ್ರಿಜ್ ಊರಿನಲ್ಲಿ 1902ರಲ್ಲಿ ಸಿಡುಬು ಹರಡುತ್ತಿತ್ತು. ಎಲ್ಲರೂ ಲಸಿಕೆ ಹಾಕಿಸಿಕೊಳ್ಳಬೇಕು ಅಂತ ಅಲ್ಲಿನ ಆರೋಗ್ಯ ಮಂಡಳಿ ಆದೇಶ ಹೊರಡಿಸಿತು. ಹೆನ್ನಿಂಗ್ ಜೇಕಬ್ಸನ್ ಎಂಬ ಪಾದ್ರಿ ಒಪ್ಪಲಿಲ್ಲ. ಚಿಕ್ಕವನಿದ್ದಾಗ ಹಾಕಿಸಿಕೊಂಡ ಲಸಿಕೆಯಿಂದ ತುಂಬಾ ನರಳಿದ್ದೆ, ಮಗನಿಗೂ ಹಾಗೇ ಆಯಿತು ಅಂದ. ಬೇಡ ಅಂದವರಿಗೆ ಕಾನೂನು ಇಟ್ಟಿದ್ದ ದಂಡ 5 ಡಾಲರ್. ಅವನು ಅದನ್ನೂ ಕಟ್ಟಲಿಲ್ಲ, ಕೋರ್ಟಿಗೆ ಹೋದ. ಸುಪ್ರೀಂ ಕೋರ್ಟ್ 7-2ರಲ್ಲಿ ರಾಜ್ಯದ ಪರ ನಿಂತಿತು. ಸಾಂಕ್ರಾಮಿಕ ರೋಗ ಬಂದಾಗ ಒಬ್ಬನ ಇಷ್ಟ ಊರಿನ ಸುರಕ್ಷತೆಗಿಂತ ಮೇಲಲ್ಲ ಅನ್ನುವುದು ತೀರ್ಪಿನ ತಿರುಳು. ಅದರ ಜೊತೆಗೇ ಕೋರ್ಟು ಒಂದು ಎಚ್ಚರಿಕೆಯನ್ನೂ ಕೊಟ್ಟಿತ್ತು. ಲಸಿಕೆಯಿಂದ ನಿಜವಾಗಿ ಅಪಾಯ ಆಗುವಂಥ ದೇಹಸ್ಥಿತಿ ಇರುವವರ ಮೇಲೂ ಇದನ್ನು ಹೇರಿದರೆ ಅದು ಕ್ರೌರ್ಯ ಅಂದಿತ್ತು.

ಇಷ್ಟರಲ್ಲಿ ನನಗೆ ಮುಖ್ಯ ಅನ್ನಿಸುವುದು ಆ 5 ಡಾಲರ್. ಯಾರೂ ಜೇಕಬ್ಸನ್‌ನ ಕೈಕಾಲು ಹಿಡಿದು ಸೂಜಿ ಚುಚ್ಚಲಿಲ್ಲ. ಅವನು ಬೇಡ ಅಂದ, ಕೋರ್ಟಿನಲ್ಲಿ ಸೋತ ಮೇಲೆ ಅದಕ್ಕೆ ಬೆಲೆ ತೆತ್ತ, ಮನೆಗೆ ಹೋದ.

ಎರಡನೆಯದು 1927ರದ್ದು, ವರ್ಜೀನಿಯಾ ರಾಜ್ಯದ್ದು. ಕ್ಯಾರಿ ಬಕ್ ಎಂಬ ಬಡ ಹುಡುಗಿ ಸಾಕುಮನೆಯಲ್ಲಿ ಬೆಳೆಯುತ್ತಿದ್ದಳು. ಹದಿನೇಳರ ವಯಸ್ಸಿಗೆ ಗರ್ಭಿಣಿಯಾದಳು. ಸಾಕಿದವರ ಸಂಬಂಧಿಯೊಬ್ಬ ಅತ್ಯಾಚಾರ ಮಾಡಿದ್ದ ಅಂತ ಅವಳೇ ಮುಂದೆ ಹೇಳಿದಳು. ಸಾಕಿದವರು ಅವಳನ್ನು "ಮಂದಬುದ್ಧಿ" ಅಂತ ಹೇಳಿ ಸರ್ಕಾರಿ ಆಶ್ರಮಕ್ಕೆ ಸೇರಿಸಿದರು. ಅವಳ ತಾಯಿ ಅದೇ ಆಶ್ರಮದಲ್ಲಿದ್ದಳು. ಇಂಥವರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಬಹುದು ಅಂತ ವರ್ಜೀನಿಯಾ 1924ರಲ್ಲಿ ಕಾನೂನು ಮಾಡಿತ್ತು. ಅದನ್ನು ಕೋರ್ಟಿನಲ್ಲಿ ಗಟ್ಟಿ ಮಾಡಿಕೊಳ್ಳೋಕೆ ಒಂದು ಕೇಸು ಬೇಕಿತ್ತು. ಕ್ಯಾರಿ ಸಿಕ್ಕಿದಳು. ಅವಳ ಪರ ವಾದಿಸಬೇಕಿದ್ದ ವಕೀಲ ಅದೇ ಆಶ್ರಮದ ಆಡಳಿತ ಮಂಡಳಿಯಲ್ಲಿ ಹಿಂದೆ ಇದ್ದವನು. ಹೇಗೆ ವಾದಿಸಿರಬಹುದು ಅಂತ ನೀವೇ ಊಹಿಸಿ. ಕ್ಯಾರಿಯ ಏಳು ತಿಂಗಳ ಕೂಸನ್ನು ನೋಡಿದ ಸಮಾಜ ಕಾರ್ಯಕರ್ತೆಯೊಬ್ಬಳು, ಮಗು ಯಾಕೋ ಸರಿಯಿಲ್ಲ ಅಂತ ಕಾಣುತ್ತದೆ ಎಂದು ಸಾಕ್ಷಿ ಹೇಳಿದಳು. ಅಷ್ಟಕ್ಕೇ ಮೂರು ತಲೆಮಾರಿನ ಮಂದಬುದ್ಧಿ ಸಾಬೀತಾಯಿತು!

ತೀರ್ಪು 8-1. ಬರೆದವರು ಆಲಿವರ್ ವೆಂಡೆಲ್ ಹೋಮ್ಸ್, ಅಮೆರಿಕದ ಅತಿ ಗೌರವದ ನ್ಯಾಯಮೂರ್ತಿಗಳಲ್ಲಿ ಒಬ್ಬರು. ಕಡ್ಡಾಯ ಲಸಿಕೆಯನ್ನು ಎತ್ತಿಹಿಡಿಯುವ ತತ್ವವೇ ಗರ್ಭನಾಳ ಕತ್ತರಿಸುವುದಕ್ಕೂ ಸಾಕು ಅಂತ ಅವರು ಬರೆದರು. ಆಧಾರಕ್ಕೆ ಜೇಕಬ್ಸನ್ ತೀರ್ಪನ್ನೇ ಹೆಸರಿಸಿದರು. ಅದೇ ವರ್ಷ ಕ್ಯಾರಿಗೆ ಶಸ್ತ್ರಚಿಕಿತ್ಸೆ ಆಯಿತು. ಅವಳ ಮಗಳು ಮುಂದೆ ಶಾಲೆಗೆ ಹೋಗಿ ಜಾಣ ಮಕ್ಕಳ ಪಟ್ಟಿಯಲ್ಲಿ ಹೆಸರು ಪಡೆದಳು, ಎಂಟು ವರ್ಷಕ್ಕೆ ಕಾಯಿಲೆಯಿಂದ ತೀರಿಕೊಂಡಳು. ಅಮೆರಿಕದ ಮೂವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಇಂಥ ಕಾನೂನಿನಡಿ 60,000ಕ್ಕೂ ಹೆಚ್ಚು ಜನರಿಗೆ ಸಂತಾನಹರಣ ಮಾಡಲಾಯಿತು. ವರ್ಜೀನಿಯಾದ ಕಾನೂನು ರದ್ದಾದದ್ದು 1974ರಲ್ಲಿ.

ಇದನ್ನೆಲ್ಲ ಮಾಡಿದವರು ದುಷ್ಟರು ಅಂತ ಅಂದುಕೊಂಡರೆ ಪಾಠ ಕೈತಪ್ಪುತ್ತದೆ. ಅವರಲ್ಲಿ ತುಂಬಾ ಜನ ಆ ಕಾಲದ ಪ್ರಗತಿಪರರು. ವಿಜ್ಞಾನ ತಮ್ಮ ಕಡೆ ಇದೆ ಅಂತ ನಂಬಿದ್ದರು. ಬಡತನ, ಕಾಯಿಲೆ, ಅಪರಾಧ ಇಲ್ಲದ ಮುಂದಿನ ತಲೆಮಾರು ಅವರ ಕನಸು. ಸ್ವೀಡನ್ ಇನ್ನೂ ಒಂದು ಉದಾಹರಣೆ. ಜನರ ಯೋಗಕ್ಷೇಮ ನೋಡಿಕೊಳ್ಳುವ ರಾಜ್ಯ ಅಂತ ಜಗತ್ತು ಹೊಗಳುವ ಆ ದೇಶ 1934ರಿಂದ 1975ರವರೆಗೆ ಇಂಥ ಕಾನೂನು ಇಟ್ಟುಕೊಂಡಿತ್ತು, ಆ ಅವಧಿಯಲ್ಲಿ ಸುಮಾರು 63,000 ಶಸ್ತ್ರಚಿಕಿತ್ಸೆಗಳಾದವು. ಎಲ್ಲವೂ ಬಲವಂತದವಲ್ಲ. ಆದರೆ ಸಹಿ ಹಾಕದಿದ್ದರೆ ಸಂಸ್ಥೆಯಿಂದ ಹೊರಗೆ ಬಿಡುವುದಿಲ್ಲ ಅನ್ನುವಂಥ ಕಡೆ ಹಾಕಿದ ಸಹಿಗೆ ಏನು ಅರ್ಥ?

ಹೋಮ್ಸ್ ಎಡವಿದ್ದು ಎಲ್ಲಿ ಅಂತ ನನಗೆ ಅನ್ನಿಸುವುದು ಹೀಗೆ. ಅವರು ಎರಡು ಕೇಸಿನ ಗುರಿಗಳನ್ನು ಹೋಲಿಸಿದರು: ಅಲ್ಲೂ ಸಮಾಜದ ಒಳಿತು, ಇಲ್ಲೂ ಸಮಾಜದ ಒಳಿತು. ಬೇಡ ಅಂದವರ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಕಡೆ 5 ಡಾಲರ್, ಇನ್ನೊಂದು ಕಡೆ ಜೀವನಪೂರ್ತಿ ಮರಳಿ ಬಾರದ ನಷ್ಟ. ಒಂದು ಕಡೆ ತನ್ನ ಇಷ್ಟದಿಂದ ಸುಪ್ರೀಂ ಕೋರ್ಟಿನವರೆಗೂ ಹೋದ ಪಾದ್ರಿ, ಇನ್ನೊಂದು ಕಡೆ ತನ್ನ ವಕೀಲನನ್ನೂ ತಾನು ಆರಿಸಿಕೊಳ್ಳದ ಹುಡುಗಿ. ಒಂದು ಕಡೆ ಈ ವಾರ ಹರಡುತ್ತಿರುವ ರೋಗ, ಇನ್ನೊಂದು ಕಡೆ ಇನ್ನೂ ಹುಟ್ಟದ ಮಕ್ಕಳ ಬಗ್ಗೆ ಬರೀ ಊಹೆ.

ಹಾಗಾಗಿ ನಿಮ್ಮ ತಮ್ಮ ಮುಂದಿನ ಸಲ "ಲಸಿಕೆ ಕಡ್ಡಾಯ ಮಾಡಿದ್ದು ಸರಿ ತಾನೇ, ಹಾಗಾದರೆ ಇದೂ ಸರಿ" ಅಂತ ಶುರು ಮಾಡಿದರೆ ಅಲ್ಲೇ ತಡೆಯಿರಿ. ಹೋಮ್ಸ್ ಹಾಕಿದ ಲೆಕ್ಕವೂ ಅದೇ.

ಈಗ ಸ್ವಾರ್ಥದ ಪ್ರಶ್ನೆಗೆ ಬರೋಣ. ಇಲ್ಲಿ ನಿಮ್ಮ ಪರ ನಿಲ್ಲುವುದು ನನಗೆ ಸ್ವಲ್ಪ ಕಷ್ಟ.

ಜೇಕಬ್ಸನ್ ತೀರ್ಪು ಬಂದದ್ದು 1905ರ ಫೆಬ್ರವರಿಯಲ್ಲಿ. ಅದೇ ವರ್ಷ ಏಪ್ರಿಲ್‌ನಲ್ಲಿ ಅದೇ ಕೋರ್ಟು ಇನ್ನೊಂದು ತೀರ್ಪು ಕೊಟ್ಟಿತು. ಬೇಕರಿ ಕೆಲಸಗಾರರನ್ನು ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಗಿಂತ ಜಾಸ್ತಿ ದುಡಿಸಬಾರದು ಅಂತ ನ್ಯೂಯಾರ್ಕ್ ರಾಜ್ಯ ಕಾನೂನು ಮಾಡಿತ್ತು. ಆಗಿನ ಎಷ್ಟೋ ಬೇಕರಿಗಳು ಕಟ್ಟಡಗಳ ನೆಲಮಾಳಿಗೆಯಲ್ಲಿದ್ದವು. ಗಾಳಿಯಿಲ್ಲ, ಬೆಳಕಿಲ್ಲ, ಮೂಗಿನ ತುಂಬಾ ಹಿಟ್ಟಿನ ಧೂಳು. ಲಾಕ್ನರ್ ಎಂಬ ಬೇಕರಿ ಮಾಲೀಕ ಕೋರ್ಟಿಗೆ ಹೋದ. ಎಷ್ಟು ಗಂಟೆ ಕೆಲಸ ಅನ್ನುವುದು ಮಾಲೀಕ ಮತ್ತು ಕೆಲಸಗಾರನ ನಡುವಿನ ಒಪ್ಪಂದ, ಅದರಲ್ಲಿ ಸರ್ಕಾರ ತಲೆಹಾಕಿದರೆ ಇಬ್ಬರ ಸ್ವಾತಂತ್ರ್ಯವೂ ಹೋಗುತ್ತದೆ ಅನ್ನುವ ವಾದ ಗೆದ್ದಿತು, 5-4ರಲ್ಲಿ. ಈ ಜಾಡಿನ ತೀರ್ಪುಗಳು 1937ರವರೆಗೂ ಕಾರ್ಮಿಕ ಕಾನೂನುಗಳಿಗೆ ಅಡ್ಡ ನಿಂತವು.

ಕಾಗದದ ಮೇಲೆ ಇಬ್ಬರಿಗೂ ಸ್ವಾತಂತ್ರ್ಯ ಇತ್ತು. ಹನ್ನೆರಡು ಗಂಟೆ ಆಗಲ್ಲ ಅಂದ ಕೆಲಸಗಾರನಿಗೆ ಏನಾಗುತ್ತಿತ್ತು? ನಾಳೆಯಿಂದ ಬರಬೇಡ ಅನ್ನುತ್ತಿದ್ದರು. ಹತ್ತು ಗಂಟೆಯ ಮಿತಿ ಬೇಡ ಅಂದ ಮಾಲೀಕನಿಗೆ? ದಂಡ, ಮತ್ತೆ ಸ್ವಲ್ಪ ಲಾಭ ಕಡಿಮೆ. ನಾನು ಹೇಳಿದ ಪ್ರಶ್ನೆಯನ್ನು ಸರ್ಕಾರಕ್ಕೆ ಮಾತ್ರ ಕೇಳಿದರೆ ಸಾಲದು. ಸರ್ಕಾರ ಕೈಕಟ್ಟಿ ಕುಳಿತಾಗಲೂ ಯಾರೋ ಒಬ್ಬರು ಇನ್ನೊಬ್ಬರನ್ನು ಒತ್ತಾಯಿಸುತ್ತಲೇ ಇರುತ್ತಾರೆ.

ಒಂದು ತಮಾಷೆ ನೋಡಿ. ಲಾಕ್ನರ್ ಕೇಸಿನಲ್ಲಿ ಕೆಲಸಗಾರರ ಪರ ಭಿನ್ನಮತ ಬರೆದವರು ಯಾರು ಗೊತ್ತಾ? ಅದೇ ಹೋಮ್ಸ್! ಜನಪ್ರತಿನಿಧಿಗಳು ಒಂದು ಸುಧಾರಣೆ ಬೇಕು ಅಂದರೆ ಕೋರ್ಟು ಅಡ್ಡ ಬರಬಾರದು ಅನ್ನುವುದು ಅವರ ನಿಲುವು. 1905ರಲ್ಲಿ ಆ ನಿಲುವು ಬೇಕರಿ ಹುಡುಗರ ಪರ ಇತ್ತು, 1927ರಲ್ಲಿ ಕ್ಯಾರಿಯನ್ನು ಮುಳುಗಿಸಿತು. ಬಹುಮತ ಹೇಳಿದ್ದೇ ಪ್ರಗತಿ ಅಂತ ಒಪ್ಪಿಕೊಂಡರೆ ಎರಡೂ ಒಟ್ಟಿಗೇ ಬರುತ್ತವೆ.

ಇನ್ನೂ ತೀಕ್ಷ್ಣವಾದ ಉದಾಹರಣೆ 1964ರದ್ದು. ಆ ವರ್ಷ ಅಮೆರಿಕದಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಹೋಟೆಲು, ಊಟದ ಮನೆ, ಚಿತ್ರಮಂದಿರಗಳಲ್ಲಿ ಬಣ್ಣ ನೋಡಿ ಬಾಗಿಲು ಮುಚ್ಚುವಂತಿಲ್ಲ ಅಂದಿತು. ಅಟ್ಲಾಂಟಾದ 216 ಕೋಣೆಗಳ ಮೋಟೆಲ್ ಒಂದರ ಮಾಲೀಕ ತಕ್ಷಣ ಕೋರ್ಟಿಗೆ ಹೋದ. ನನ್ನ ಆಸ್ತಿ, ನನ್ನ ಗಿರಾಕಿ, ನನ್ನ ಆಯ್ಕೆ ಅಂದ. ಅಲ್ಲಿಗೇ ನಿಲ್ಲಲಿಲ್ಲ. ಕಪ್ಪು ಜನರಿಗೆ ಕೋಣೆ ಕೊಡಲೇಬೇಕು ಅಂದರೆ ಅದು ನನ್ನಿಂದ ಜೀತ ಮಾಡಿಸಿಕೊಂಡಂತೆ, ಗುಲಾಮಗಿರಿ ರದ್ದು ಮಾಡಿದ ತಿದ್ದುಪಡಿಗೇ ಇದು ವಿರುದ್ಧ ಅಂತ ವಾದಿಸಿದ. ಓದಿದಾಗಲೆಲ್ಲ ನನಗೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ಕೋರ್ಟು ಒಮ್ಮತದಿಂದ ಅವನ ವಾದ ತಳ್ಳಿಹಾಕಿತು.

ಅವನು ಕಳೆದುಕೊಂಡದ್ದು ಕೆಲವರನ್ನು ಬಾಗಿಲಲ್ಲೇ ತಡೆಯುವ ಅಧಿಕಾರ. ಕೋಣೆಗಳು ಅವನವೇ, ಬಾಡಿಗೆ ಅವನಿಗೇ. ಇನ್ನೊಂದು ಕಡೆ, ಆ ಕಾಯ್ದೆ ಇಲ್ಲದಿದ್ದಾಗ ಕಪ್ಪು ಕುಟುಂಬಗಳು ಮಲಗೋಕೆ ಜಾಗ ಸಿಗದೆ ರಾತ್ರಿಯಿಡೀ ಕಾರು ಓಡಿಸುತ್ತಿದ್ದವು. ಯಾವ ಊರಿನಲ್ಲಿ ತಮ್ಮನ್ನು ಒಳಗೆ ಬಿಡುತ್ತಾರೆ ಅಂತ ಪಟ್ಟಿ ಕೊಡುವ ಕೈಪಿಡಿಗಳನ್ನು ನೋಡಿಕೊಂಡು ಪ್ರಯಾಣ ಮಾಡುತ್ತಿದ್ದವು. ಇಲ್ಲಿ ಪ್ರಗತಿ ಒಂದು ಕಡೆ, ಸ್ವಾತಂತ್ರ್ಯ ಇನ್ನೊಂದು ಕಡೆ ಅಂತ ಬರೆದರೆ ಮಾಲೀಕನ ಸ್ವಾತಂತ್ರ್ಯವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಂತೆ. ದಾರಿಹೋಕರ ಸ್ವಾತಂತ್ರ್ಯ ಲೆಕ್ಕದಿಂದಲೇ ಬಿಟ್ಟುಹೋಯಿತು ಅಲ್ವಾ?

ಬೇರೆಯವರಿಗೆ ತೊಂದರೆ ಆದರೆ ಮಾತ್ರ ತಡೆಯಬಹುದು, ಇಲ್ಲದಿದ್ದರೆ ಸುಮ್ನೆ ಬಿಟ್ಟುಬಿಡಬೇಕು ಅನ್ನುವ ಸೂತ್ರ ನಿಮಗೆ ಗೊತ್ತಿರಬಹುದು. ಇಂಗ್ಲೆಂಡಿನ ಚಿಂತಕ ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಇದನ್ನು ಮಂಡಿಸಿದ. ಒಳ್ಳೆಯ ಸೂತ್ರವೇ. ಆದರೆ ಸೂತ್ರ ಕಟ್ಟಿದವನೇ ಅದಕ್ಕೆ ಇಟ್ಟ ವಿನಾಯಿತಿಗಳನ್ನು ನೋಡಿದರೆ ನಮ್ಮ ಗೊಂದಲ ಹೊಸದಲ್ಲ ಅಂತ ಗೊತ್ತಾಗುತ್ತದೆ. ಮಕ್ಕಳಿಗೆ ಓದು ಕಲಿಸುವುದನ್ನು ಸರ್ಕಾರ ಕಡ್ಡಾಯ ಮಾಡಬೇಕು, ಮಗು ಪರೀಕ್ಷೆಯಲ್ಲಿ ಸೋತರೆ ಅಪ್ಪನಿಗೆ ದಂಡ ಹಾಕಬಹುದು ಅಂದ. ಶಾಲೆಗಳೆಲ್ಲ ಸರ್ಕಾರದ ಕೈಯಲ್ಲೇ ಇರುವುದು ಮಾತ್ರ ಬೇಡ ಅಂದ. ಇದನ್ನು ನಾನು ಒಪ್ಪುತ್ತೇನೆ. ಇನ್ನೊಂದು ವಿನಾಯಿತಿ ಒಪ್ಪೋಕಾಗದ್ದು: "ಹಿಂದುಳಿದ" ಜನಾಂಗಗಳಿಗೆ ಈ ಸ್ವಾತಂತ್ರ್ಯ ಅನ್ವಯಿಸುವುದಿಲ್ಲ, ಅವರನ್ನು ಸುಧಾರಿಸುವುದೇ ಗುರಿಯಾದರೆ ಸರ್ವಾಧಿಕಾರವೂ ನಡೆಯುತ್ತದೆ ಅಂದುಬಿಟ್ಟ. ಇವನು ಮೂವತ್ತೈದು ವರ್ಷ ಈಸ್ಟ್ ಇಂಡಿಯಾ ಕಂಪನಿಯಲ್ಲಿ ನೌಕರಿ ಮಾಡಿದವನು ಅನ್ನುವುದನ್ನು ನೆನಪಿಟ್ಟುಕೊಂಡು ಆ ಸಾಲು ಓದಬೇಕು. ಸ್ವಾತಂತ್ರ್ಯದ ದೊಡ್ಡ ವಕೀಲನೂ ಯಾರು ಬೇಡ ಅನ್ನುವ ಹಕ್ಕಿಗೆ ಅರ್ಹರು ಅಂತ ಒಂದು ಬೇಲಿ ಹಾಕಿಕೊಂಡಿದ್ದ.

ಇನ್ನೊಂದು ತೊಡಕೂ ಇದೆ. ಕೆಲವು ಸಲ ಒಂದು ಒತ್ತಾಯ ಬಿಟ್ಟರೆ ಇನ್ನೊಂದು ಒತ್ತಾಯ ಬಂದು ಕೂರುತ್ತದೆ. ಇಂಗ್ಲೆಂಡಿನಲ್ಲಿ 1853ರಿಂದ ಶಿಶುಗಳಿಗೆ ಸಿಡುಬಿನ ಲಸಿಕೆ ಕಡ್ಡಾಯವಾಗಿತ್ತು. 1867ರಿಂದ ಅದೇ ಮಗುವಿಗಾಗಿ ಅಪ್ಪ ಅಮ್ಮನಿಗೆ ಮತ್ತೆ ಮತ್ತೆ ದಂಡ ಹಾಕಬಹುದಾಗಿತ್ತು. ಕಟ್ಟಲಾಗದವರ ಮನೆಯ ಸಾಮಾನು ಹರಾಜಾಗುತ್ತಿತ್ತು, ಕೆಲವರು ಜೈಲಿಗೂ ಹೋದರು. ಹಣವಂತರು ದಂಡ ಬಿಸಾಕಿ ಮನೆಗೆ ಹೋಗುತ್ತಿದ್ದರು. ಬಡವರಿಗೆ ಅದೇ ದಂಡ ಮಂಚ, ಮೇಜು ಕಳೆದುಕೊಳ್ಳುವ ಶಿಕ್ಷೆ. 1885ರಲ್ಲಿ ಲೆಸ್ಟರ್ ಪಟ್ಟಣದಲ್ಲಿ ಹತ್ತಾರು ಸಾವಿರ ಜನ ಬೀದಿಗಿಳಿದರು.

ಲಸಿಕೆ ಬೇಡ ಅಂದ ಲೆಸ್ಟರ್ ಸಿಡುಬನ್ನು ಹೇಗೆ ಎದುರಿಸಿತು? ಕಾಯಿಲೆ ಕಂಡ ತಕ್ಷಣ ತಿಳಿಸಬೇಕು. ರೋಗಿಯನ್ನು ಬೇರೆ ಆಸ್ಪತ್ರೆಗೆ ಸಾಗಿಸಬೇಕು. ಜೊತೆಗಿದ್ದವರನ್ನೂ ಪ್ರತ್ಯೇಕವಾಗಿ ಇಡಬೇಕು. ವಿಧಾನ ತಕ್ಕಮಟ್ಟಿಗೆ ಕೆಲಸ ಮಾಡಿತು. ಆದರೆ ಇದೂ ಒತ್ತಾಯವೇ! ಸೂಜಿ ಬೇಡ ಅಂದ ಊರು ಮನೆಯವರನ್ನು ಬೇರೆ ಮಾಡುವ ನಿಯಮವನ್ನು ಒಪ್ಪಿಕೊಂಡಿತು. ಯಾವ ಒತ್ತಾಯವೂ ಇಲ್ಲದ ಆಯ್ಕೆ ಅಲ್ಲಿ ಇರಲೇ ಇಲ್ಲ. ಯಾವುದನ್ನು ತಡೆದುಕೊಳ್ಳಬಲ್ಲೆವು ಅನ್ನುವುದಷ್ಟೇ ಪ್ರಶ್ನೆ.

ಕೊನೆಗೆ 1898ರಲ್ಲಿ ಬ್ರಿಟನ್ ಸರ್ಕಾರ ಮಣಿಯಿತು. ಮನಸ್ಸಾಕ್ಷಿ ಒಪ್ಪುವುದಿಲ್ಲ ಅನ್ನುವ ಪೋಷಕರು ಇಬ್ಬರು ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ಅವರಿಗೆ ಮನವರಿಕೆ ಮಾಡಿಕೊಟ್ಟರೆ ವಿನಾಯಿತಿ. 1907ರಲ್ಲಿ ಅದೂ ಹೋಗಿ ಒಂದು ಘೋಷಣೆ ಕೊಟ್ಟರೆ ಸಾಕು ಅಂತಾಯಿತು. ನನಗೆ 1907ರದ್ದಕ್ಕಿಂತ 1898ರ ಯೋಚನೆ ಜಾಸ್ತಿ ಇಷ್ಟ. ಬೇಡ ಅನ್ನಬಹುದು, ಆದರೆ ಸ್ವಲ್ಪ ಓಡಾಡಬೇಕು. ನಿಜವಾಗಿ ನಂಬಿಕೆ ಇರುವವರು ಓಡಾಡುತ್ತಾರೆ, ಸೋಮಾರಿತನಕ್ಕೆ ಬೇಡ ಅಂದವರು ಲಸಿಕೆ ಹಾಕಿಸಿಕೊಳ್ಳುತ್ತಾರೆ. ಮ್ಯಾಜಿಸ್ಟ್ರೇಟರ ಎದುರು ಬಡವರು ಬೈಸಿಕೊಂಡು ಬರುತ್ತಿದ್ದರು ಅನ್ನುವ ದೂರು ಬೇರೆ ಇತ್ತು. ಅದು ಸರಿಪಡಿಸಬೇಕಾದ ದೋಷವೇ, ಯೋಚನೆಯನ್ನೇ ಕೈಬಿಡೋಕೆ ಕಾರಣ ಅಲ್ಲ ಅನ್ನಿಸುತ್ತದೆ.

ಇಂಥ ವಿನಾಯಿತಿ ಎಷ್ಟು ಜನರಿಗೆ ಕೊಡಬಹುದು ಅನ್ನುವುದಕ್ಕೂ ಲೆಕ್ಕ ಇದೆ. ದಡಾರ ಹರಡದಂತೆ ತಡೆಯೋಕೆ ಸುಮಾರು 95% ಜನರಿಗೆ ಲಸಿಕೆ ಆಗಿರಬೇಕು. ಉಳಿದ ಜಾಗದಲ್ಲಿ ಮೊದಲು ಕೂರಬೇಕಾದವರು ಲಸಿಕೆ ಹಾಕಲಾಗದ ಶಿಶುಗಳು ಮತ್ತು ರೋಗಿಗಳು. ಆಮೇಲೆ ಉಳಿದದ್ದು ಮನಸ್ಸಾಕ್ಷಿಯವರಿಗೆ. ಎಲ್ಲ ವಿಷಯದಲ್ಲೂ ಇಷ್ಟು ನಿಖರ ಸಂಖ್ಯೆ ಸಿಗುವುದಿಲ್ಲ, ಸರಿ. ಆದರೆ ಪ್ರತಿಯೊಬ್ಬರೂ ಒಪ್ಪಲೇಬೇಕು ಅನ್ನುವ ಸುಧಾರಕನಿಗೆ ಈ ಪ್ರಶ್ನೆ ಕೇಳಬೇಕು: ನೂರಕ್ಕೆ ನೂರು ಯಾಕೆ ಬೇಕು? ಎಷ್ಟೋ ಸಲ ಉತ್ತರ ಇರುವುದಿಲ್ಲ. ಹಟ ಮಾತ್ರ ಇರುತ್ತದೆ.

ನಮ್ಮದೇ ಒಳ್ಳೆಯದಕ್ಕೆ ನಮ್ಮನ್ನು ತಡೆಯುವ ಕಾನೂನುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡೇ ಮಾತು. ಅಮೆರಿಕದ ಮದ್ಯಪಾನ ನಿಷೇಧ 1920ರಿಂದ 1933ರವರೆಗೆ ಇತ್ತು. ಕುಡುಕ ಗಂಡಂದಿರಿಂದ ನೊಂದ ಹೆಂಗಸರ ಹೋರಾಟ ಅದರ ಹಿಂದಿತ್ತು, ಗುರಿ ತಪ್ಪು ಅನ್ನೋಕಾಗಲ್ಲ. ಆದರೆ ಕೈಗಾರಿಕೆಗೆ ಬಳಸುವ ಆಲ್ಕೋಹಾಲನ್ನು ಕಳ್ಳರು ಕುಡಿಯೋಕೆ ಮಾರುತ್ತಾರೆ ಅಂತ ಗೊತ್ತಿದ್ದೂ ಸರ್ಕಾರ ಅದಕ್ಕೆ ಬೆರೆಸುವ ವಿಷವನ್ನು ಹೆಚ್ಚಿಸಿತು. ಜನ ಸತ್ತರು. ಬೇಡ ಅಂದವರಿಗೆ ಏನಾಗುತ್ತದೆ ಅಂತ ಕೇಳಿದರೆ ಇದಕ್ಕಿಂತ ಕೆಟ್ಟ ಉತ್ತರ ಇಲ್ಲ. ಐರ್ಲೆಂಡ್ 2004ರಲ್ಲಿ ಪಬ್‌ಗಳೂ ಸೇರಿ ಒಳಾಂಗಣದ ಕೆಲಸದ ಜಾಗಗಳಲ್ಲಿ ಸಿಗರೇಟು ನಿಲ್ಲಿಸಿದ ರೀತಿ ಬೇರೆ. ಸೇದುವವರನ್ನು ಉದ್ಧಾರ ಮಾಡುತ್ತೇವೆ ಅನ್ನಲಿಲ್ಲ. ಅಲ್ಲಿ ದಿನವಿಡೀ ಹೊಗೆ ಕುಡಿಯುತ್ತಾ ಕೆಲಸ ಮಾಡುವವರನ್ನು ಕಾಪಾಡುತ್ತೇವೆ ಅಂದರು. ಸೇದಬೇಕು ಅನ್ನುವವರು ಬಾಗಿಲಾಚೆ ಹೋಗಿ ಸೇದಬಹುದು. ಆ ಕಾನೂನು ಉಳಿಯಿತು, ಬೇರೆ ದೇಶಗಳಿಗೂ ಹರಡಿತು.

ಈಗ ನಿಮ್ಮ ಕೊನೆಯ ಪ್ರಶ್ನೆ, ಮೂರರಲ್ಲಿ ಕಷ್ಟದ್ದು. "ನಮಗೆ ಹೀಗೇ ಇಷ್ಟ" ಅನ್ನುವವರನ್ನು ಏನು ಮಾಡಬೇಕು?

ಇರಾನಿನಲ್ಲಿ 1936ರಲ್ಲಿ ರೆಜಾ ಷಾ ಪರದೆಯನ್ನು ನಿಷೇಧಿಸಿದ. ಹೆಂಗಸರನ್ನು ಆಧುನಿಕರನ್ನಾಗಿ ಮಾಡುತ್ತೇನೆ ಅನ್ನುವುದು ಅವನ ಗುರಿ. ಪೊಲೀಸರು ಬೀದಿಯಲ್ಲೇ ಹೆಂಗಸರ ತಲೆಯ ಮೇಲಿನ ಬಟ್ಟೆ ಎಳೆದರು. ಎಷ್ಟೋ ಜನ ಮನೆಯಿಂದ ಹೊರಗೆ ಬರುವುದನ್ನೇ ನಿಲ್ಲಿಸಿದರು. ಹೊರಗೆ ತರೋಕೆ ಮಾಡಿದ ಕಾನೂನು ಒಳಗೆ ಕೂಡಿಹಾಕಿತು. 1941ರಲ್ಲಿ ಅವನು ಪಟ್ಟದಿಂದ ಇಳಿದ ಮೇಲೆ ಅದು ಸಡಿಲವಾಯಿತು. 1979ರ ಕ್ರಾಂತಿಯ ನಂತರ ಬಂದವರು ಉಲ್ಟಾ ಮಾಡಿದರು. 1983ರ ಕಾನೂನಿನಲ್ಲಿ ತಲೆ ಮುಚ್ಚದ ಹೆಂಗಸಿಗೆ 74 ಛಡಿಯೇಟಿನ ಶಿಕ್ಷೆ ಇತ್ತು. 2022ರಲ್ಲಿ ಮಹ್ಸಾ ಅಮೀನಿ ಎಂಬ 22ರ ಯುವತಿ ಇದೇ ವಿಷಯಕ್ಕೆ ಬಂಧನವಾಗಿ ಸತ್ತಾಗ ದೇಶವೇ ಬೀದಿಗೆ ಬಂತು. ಇಬ್ಬರು ಆಳುವವರೂ ತಮ್ಮದು ಸಮಾಜದ ಒಳಿತು ಅಂದರು. ಹೆಂಗಸಿನ ಕಡೆಯಿಂದ ನೋಡಿದರೆ ಎರಡೂ ಒಂದೇ ಕೈ.

ಹಾಗಾದರೆ ಸಂಪ್ರದಾಯದೊಳಗೆ ಇರುವವರ ಒಪ್ಪಿಗೆ ನಿಜವಾದ ಒಪ್ಪಿಗೆಯಾ? ಬೇರೆಯವರ ಮನಸ್ಸಿನೊಳಗೆ ಹೊಕ್ಕು ನೋಡೋಕೆ ಯಾವ ಸರ್ಕಾರಕ್ಕೂ ಆಗುವುದಿಲ್ಲ. ಹೊಕ್ಕಂತೆ ಆಡಿದ ಸರ್ಕಾರಗಳು ಭಯ ಹುಟ್ಟಿಸಿವೆ. ಆದರೆ ಹೊರಗಿನಿಂದಲೇ ನೋಡಬಹುದಾದ್ದು ಒಂದಿದೆ. ನಾಳೆ ಅಂಥ ಒಬ್ಬ ಹೆಂಗಸು ಮನಸ್ಸು ಬದಲಾಯಿಸಿದರೆ ಏನೇನು ಕಳೆದುಕೊಳ್ಳುತ್ತಾಳೆ? ಇರೋಕೆ ಮನೆ ಇರುತ್ತದಾ? ಕೈಯಲ್ಲಿ ಕಾಸು? ಮಕ್ಕಳು ಯಾರ ಜೊತೆ? ಹೊಡೆದರೆ ದೂರು ತೆಗೆದುಕೊಳ್ಳುವವರು ಇದ್ದಾರಾ? ಇವಕ್ಕೆಲ್ಲ ಸರಿಯಾದ ಉತ್ತರ ಇದ್ದೂ ಅವಳು "ನನಗೆ ಹೀಗೇ ಇಷ್ಟ" ಅಂದರೆ ಅದನ್ನು ನಂಬಬೇಕು. ನಮಗೆ ಇಷ್ಟವಾಗಲಿ ಬಿಡಲಿ.

ಫ್ರಾನ್ಸ್ 2010ರಲ್ಲಿ ಮಾಡಿದ ಒಂದು ಕಾನೂನಿನಲ್ಲಿ ಎರಡು ದಾರಿಗಳೂ ಒಟ್ಟಿಗೆ ಇವೆ. ಸಾರ್ವಜನಿಕ ಜಾಗದಲ್ಲಿ ಮುಖ ಮುಚ್ಚಿಕೊಂಡವರಿಗೆ 150 ಯೂರೋವರೆಗೆ ದಂಡ. ಬಲವಂತದಿಂದ ಇನ್ನೊಬ್ಬರ ಮುಖ ಮುಚ್ಚಿಸಿದವರಿಗೆ ಒಂದು ವರ್ಷದವರೆಗೆ ಜೈಲು, 30,000 ಯೂರೋ ದಂಡ. ನನ್ನ ಕೈಗೆ ಪೆನ್ನು ಕೊಟ್ಟರೆ ಮೊದಲನೆಯದನ್ನು ಹೊಡೆದುಹಾಕಿ ಎರಡನೆಯದನ್ನು ಉಳಿಸುತ್ತೇನೆ. ಎರಡನೆಯದನ್ನು ಸಾಬೀತು ಮಾಡುವುದು ಕಷ್ಟ, ಮೊದಲನೆಯದಕ್ಕೆ ಚೀಟಿ ಹರಿದರೆ ಸಾಕು. ಸುಲಭದ ಕೆಲಸ ಮಾಡಿ ಕಷ್ಟದ ಕೆಲಸ ಮಾಡಿದ ಹೆಸರು ತೆಗೆದುಕೊಳ್ಳುವುದು ಸುಧಾರಕರ ಹಳೆಯ ಚಟ.

ಮಕ್ಕಳ ವಿಷಯಕ್ಕೆ ಬಂದರೆ ಮಾತ್ರ ನಾನು ನಿಮ್ಮ ತಮ್ಮನ ಕಡೆ ವಾಲುತ್ತೇನೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 16 ವರ್ಷದವರೆಗೆ ಶಾಲೆ ಕಡ್ಡಾಯವಾಗಿತ್ತು. ಯಂತ್ರ, ವಿದ್ಯುತ್ತಿನಿಂದ ದೂರ ಇದ್ದು ಬದುಕುವ ಆಮಿಶ್ ಪಂಥದ ಮೂವರು ಅಪ್ಪಂದಿರು ಎಂಟನೇ ತರಗತಿ ಮುಗಿದ ಮೇಲೆ ಮಕ್ಕಳನ್ನು ಕಳಿಸುವುದಿಲ್ಲ ಅಂದರು. ಪ್ರೌಢಶಾಲೆಗೆ ಹೋದರೆ ನಮ್ಮ ಧರ್ಮ, ನಮ್ಮ ಬದುಕು ಎರಡೂ ಹೋಗುತ್ತವೆ ಅಂದರು. ತಲಾ 5 ಡಾಲರ್ ದಂಡ ಬಿತ್ತು. ಇಲ್ಲೂ ಅದೇ 5 ಡಾಲರ್, ಆಕಸ್ಮಿಕ. 1972ರಲ್ಲಿ ಸುಪ್ರೀಂ ಕೋರ್ಟು ಅಪ್ಪಂದಿರ ಪರ ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಭಾಗಶಃ ಭಿನ್ನಮತ ಬರೆದರು. ಮೂವರು ಮಕ್ಕಳಲ್ಲಿ ಒಬ್ಬಳು ಮಾತ್ರ ಕೋರ್ಟಿನಲ್ಲಿ ಮಾತಾಡಿ ಶಾಲೆ ಬೇಡ ಅಂದಿದ್ದಾಳೆ, ಉಳಿದ ಇಬ್ಬರನ್ನು ಕೇಳಿದವರಾರು ಅನ್ನುವುದು ಅವರ ತಕರಾರು.

ನಾನು ಡಗ್ಲಸ್ ಪರ. ಇಲ್ಲಿ ಬೇಡ ಅಂದದ್ದು ಅಪ್ಪ, ಅದರ ಬೆಲೆ ತೆರುವುದು ಮಗ ಅಥವಾ ಮಗಳು. ಇನ್ನೆರಡು ವರ್ಷ ಓದಿದ ಹುಡುಗಿ ಆಮೇಲೂ ಆಮಿಶ್ ಆಗಿಯೇ ಉಳಿಯಬಹುದು. ಓದದೆ ಉಳಿದವಳಿಗೆ ಇಪ್ಪತ್ತರಲ್ಲಿ ಹೊರಗೆ ಹೋಗಬೇಕು ಅನ್ನಿಸಿದರೆ ದಾರಿ ಕಿರಿದಾಗಿರುತ್ತದೆ. ಮುಂದೆ ಬೇಡ ಅನ್ನುವ ಶಕ್ತಿಯನ್ನು ಹೆಚ್ಚಿಸುವ ಒತ್ತಾಯವನ್ನು ಕ್ಯಾರಿ ಬಕ್‌ಗೆ ಆದದ್ದರ ಜೊತೆ ಒಂದೇ ಸಾಲಿನಲ್ಲಿ ಇಡಲಾರೆ. ಹಾಗಂತ ಪೊಲೀಸರನ್ನು ಕಳಿಸಿ ಮಕ್ಕಳನ್ನು ಎಳೆದು ತರಬೇಕು ಅಂತಲೂ ಅಲ್ಲ. ಹದಿನಾಲ್ಕು ಹದಿನೈದರ ಮಗುವನ್ನು ಅಪ್ಪ ಅಮ್ಮ ಎದುರಿಗಿಲ್ಲದ ಕೋಣೆಯಲ್ಲಿ ಕೂರಿಸಿ ಕೇಳಬೇಕಿತ್ತು. ಓದುತ್ತೇನೆ ಅಂದವರಿಗೆ ಶಾಲೆ, ಬೇಡ ಅಂದವರಿಗೆ ಆಮಿಶ್ ಜಮೀನಿನಲ್ಲೇ ಕೆಲಸ ಕಲಿಕೆ, ಆಮೇಲೆ ಮನಸ್ಸು ಬದಲಾದರೆ ಯಾವ ವಯಸ್ಸಿನಲ್ಲಾದರೂ ಖರ್ಚಿಲ್ಲದೆ ಶಾಲೆಗೆ ಮರಳುವ ಹಕ್ಕು. ಇದಕ್ಕೆ ನಿಮ್ಮ ತಮ್ಮ ಒಪ್ಪುತ್ತಾನೋ ಕೇಳಿ ನೋಡಿ. ಹೇಳದೆ ಕೇಳದೆ ಶಾಲೆ ಬಿಡಿಸುವ ಅಪ್ಪನ ಹಕ್ಕನ್ನು ನೀವು ಎಷ್ಟರ ಮಟ್ಟಿಗೆ ಬಿಟ್ಟುಕೊಡುತ್ತೀರಿ ಅನ್ನುವುದನ್ನೂ ಅವನಿಗೆ ಹೇಳಿ.